ಕಾಲೇಜಿನ ಓದು, ಊರಿನ ಕೆಲಸ

ನಿಮ್ಮ ಮನೆಯಲ್ಲಿ ಬಿ.ಎ., ಬಿ.ಎಸ್ಸಿ. ಇಲ್ಲವೆ ಬಿ.ಕಾಂ. ಓದುತ್ತಿರುವ ಮಗನೋ ಮಗಳೋ ಇದ್ದರೆ ಇಂಥದೊಂದು ಕಾಗದವನ್ನು ನೀವು ಕಂಡಿರಬಹುದು. ಮೇಲೆ ಕಾಲೇಜಿನ ಹೆಸರು; ನಡುವೆ ಏಳು ದಿನಗಳ ಶಿಬಿರ, ಇಂಥ ಹಳ್ಳಿ, ಇಂಥ ದಿನ ಎಂಬ ವಿವರ; ಕೆಳಗೆ ಪಾಲಕರ ಸಹಿಗೆಂದು ಒಂದು ಗೆರೆ. ಆ ಗೆರೆಯ ಮೇಲೆ ಲೇಖಣಿ ಇಡುವ ಮೊದಲು ಮನೆಯಲ್ಲಿ ಒಂದು ಸಣ್ಣ ಚರ್ಚೆ ನಡೆದೇ ನಡೆಯುತ್ತದೆ. “ಪರೀಕ್ಷಾ ಹತ್ತರ ಬಂತು. ಈಗ ಸಲಿಕಿ ಹಿಡದು ಮಣ್ಣು ಹೊತ್ತರ ಮಾರ್ಕ್ಸ್ ಬರತಾವೇನು?” ಎಂದು ತಂದೆ ಕೇಳುತ್ತಾರೆ. “ಹೆಣ್ಣಹುಡಿಗಿ, ಪರಊರಾಗ ಏಳು ರಾತ್ರಿ ಎಲ್ಲಿ ಮಲಗ್ತಾಳ?” ಎಂದು ತಾಯಿ ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಉತ್ತರ ಸುಲಭ. ಅದನ್ನು ಕಡೆಗೆ ಹೇಳುತ್ತೇನೆ. ಮೊದಲನೆಯದು ಮಾತ್ರ ಕಠಿಣವಾದುದು. ಅದಕ್ಕೆ ಕಾಲೇಜುಗಳಲ್ಲಿ ಇದ್ದ ನಾವೇ ಸರಿಯಾದ ಉತ್ತರವನ್ನು ಕೊಟ್ಟಿಲ್ಲ.

ನಾನು ಬಹಳ ವರ್ಷ ಪದವಿ ತರಗತಿಗಳಿಗೆ ಪಾಠ ಹೇಳಿ, ಅದರಲ್ಲಿ ಕೆಲವು ವರ್ಷ ಇಂಥ ಶಿಬಿರಗಳ ಹೊಣೆಯನ್ನೂ ಹೊತ್ತವನು. ಆ ಅನುಭವದ ಮೇಲೆ ಹೇಳುವುದಾದರೆ, ನಮ್ಮಲ್ಲಿ ಓದು ಮತ್ತು ಸೇವೆ ಒಂದೇ ಮನೆಯಲ್ಲಿದ್ದು ಒಲೆ ಬೇರೆ ಮಾಡಿಕೊಂಡ ನೆಗೆಣ್ಣಿಯರ ಹಾಗೆ ಇವೆ. ವಾರದ ಆರು ದಿನ ಓದು, ರವಿವಾರ ಸೇವೆ. ಓದಿನ ಪಕ್ಷದವರು ಸೇವೆಯನ್ನು ಕಾಲಹರಣವೆನ್ನುತ್ತಾರೆ. ಸೇವೆಯ ಪಕ್ಷದವರು ಓದನ್ನು ಪುಸ್ತಕದ ಬದನೆಕಾಯಿ ಎನ್ನುತ್ತಾರೆ. ಎರಡನ್ನೂ ಒಂದೇ ಒಲೆಯ ಮೇಲೆ ಬೇಯಿಸಲು ಬರುತ್ತದೆಯೆ ಎಂಬುದೇ ಇಲ್ಲಿಯ ಮಾತು.

ಸೇವೆ ನಮ್ಮ ಅವಳಿ ಊರುಗಳಿಗೆ ಹೊಸದಲ್ಲ. ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿ, ಹುಬ್ಬಳ್ಳಿಯನ್ನು ಅದರ ನೆಲೆಯಾಗಿ ಮಾಡಿಕೊಂಡರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ದಳದ ತರುಣರು ಅಲ್ಲಿ ದುಡಿದರು. ಆ ಕಾಲದ ಎಷ್ಟೋ ವಿದ್ಯಾರ್ಥಿಗಳು ದೇಶದ ಕೆಲಸಕ್ಕಾಗಿ ಓದನ್ನು ಬಿಟ್ಟುಬಂದವರು. ಸ್ವಾತಂತ್ರ್ಯ ಬಂದ ಮೇಲೆ ಪ್ರಶ್ನೆ ತಿರುವುಮುರುವಾಯಿತು. ಓದು ಬಿಡದೆ ಸೇವೆ ಮಾಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೇಶಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಡಾ. ರಾಧಾಕೃಷ್ಣನ್ನರ ನೇತೃತ್ವದಲ್ಲಿ ೧೯೪೮-೪೯ರಲ್ಲಿ ಕೆಲಸ ಮಾಡಿದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ರಾಷ್ಟ್ರಸೇವೆಯಲ್ಲಿ ತೊಡಗಲಿ ಎಂದಿತು. ೧೯೫೯ರಲ್ಲಿ ಸಿ. ಡಿ. ದೇಶಮುಖರ ಸಮಿತಿ ನೇಮಕವಾಗಿ, ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆ ಇರಲೆಂದು ಹೇಳಿತು. ಅಷ್ಟು ಮಂದಿಗೆ ಅನ್ನ, ವಸತಿ, ಕೆಲಸ ಒದಗಿಸುವುದೆಂದರೆ ಸಾಮಾನ್ಯವೆ? ಮಾತು ಅಲ್ಲಿಗೇ ನಿಂತಿತು. ಬಳಿಕ ಪ್ರೊ. ಕೆ. ಜಿ. ಸೈಯದೈನರು ಪರದೇಶಗಳಲ್ಲಿಯ ಏರ್ಪಾಡುಗಳನ್ನು ನೋಡಿ ಬಂದು, ಕಡ್ಡಾಯ ಬೇಡ, ಇಚ್ಛೆಯೇ ಸರಿ ಎಂದರು. ೧೯೬೨ರ ಯುದ್ಧದ ಮೇಲೆ ಎನ್.ಸಿ.ಸಿ. ಕೆಲವು ವರ್ಷ ಕಾಲೇಜು ಹುಡುಗರಿಗೆ ಕಡ್ಡಾಯವಾಗಿತ್ತು. ೧೯೬೮ರಲ್ಲಿ ಅದೂ ಐಚ್ಛಿಕವಾಯಿತು. ಕೊಠಾರಿ ಆಯೋಗವು ೧೯೬೬ರಲ್ಲಿ, ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಒಂದಿಲ್ಲೊಂದು ಬಗೆಯ ಸಮಾಜಸೇವೆ ಇರಬೇಕೆಂದಿತು. ಕಡೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ೧೯೬೯ರ ಸಪ್ಟಂಬರ ೨೪ರಂದು, ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿಕೊಂಡಿತು. ಅದನ್ನು ಆರಂಭಿಸಿದ ಶಿಕ್ಷಣ ಮಂತ್ರಿ ಡಾ. ವಿ. ಕೆ. ಆರ್. ವಿ. ರಾವ್, ಆಗ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದವರು. ಮೊದಲಿಗೆ ೩೭ ವಿಶ್ವವಿದ್ಯಾಲಯಗಳು, ೪೦,೦೦೦ ವಿದ್ಯಾರ್ಥಿಗಳು. ಇಂದು ನಿಮ್ಮ ಮನೆಗೆ ಬರುವ ಒಪ್ಪಿಗೆಯ ಕಾಗದ ಆ ಯೋಜನೆಯ ಕೂಸು.

ಯೋಜನೆಯ ಲೆಕ್ಕ ಸರಳವಾದುದು. ಒಂದು ಘಟಕದಲ್ಲಿ ಸಾಮಾನ್ಯವಾಗಿ ನೂರು ಸ್ವಯಂಸೇವಕರು, ಅವರ ಮೇಲೆ ಕಾರ್ಯಕ್ರಮಾಧಿಕಾರಿಯೆಂದು ಒಬ್ಬ ಅಧ್ಯಾಪಕರು. ವಿದ್ಯಾರ್ಥಿ ವರ್ಷಕ್ಕೆ ೧೨೦ ತಾಸಿನಂತೆ ಎರಡು ವರ್ಷದಲ್ಲಿ ೨೪೦ ತಾಸು ಕೆಲಸ ಮಾಡಬೇಕು. ಏಳು ದಿನಗಳ ಒಂದು ವಿಶೇಷ ಶಿಬಿರದಲ್ಲಿಯೂ ಇರಬೇಕು. ಪರೀಕ್ಷೆಯ ಚಿಂತೆ ಹಚ್ಚಿಕೊಂಡ ತಂದೆಯವರಿಗೆ ಒಂದು ಸಮಾಧಾನ ಇಲ್ಲಿಯೇ ಇದೆ. ನೂರಿಪ್ಪತ್ತು ತಾಸನ್ನು ವರ್ಷದ ಐವತ್ತೆರಡು ವಾರಗಳಿಗೆ ಹಂಚಿದರೆ ವಾರಕ್ಕೆ ಎರಡೂವರೆ ತಾಸೂ ಬೀಳುವುದಿಲ್ಲ. ಒಂದು ಚಲನಚಿತ್ರಕ್ಕೆ ಹೋಗಿಬರುವಷ್ಟು ಹೊತ್ತು. ಆದುದರಿಂದ ವೇಳೆ ಹಾಳಾಗುತ್ತದೆ ಎಂಬುದು ದೊಡ್ಡ ಮಾತಲ್ಲ. ಕೊಟ್ಟ ವೇಳೆಗೆ ಏನು ದೊರೆಯಿತು ಎಂಬುದನ್ನೇ ಕೇಳಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಿಂದೆ ಒಮ್ಮೆ ಎರಿನೆಲದ ಒಂದು ಹಳ್ಳಿಯಲ್ಲಿ ನಮ್ಮ ಶಿಬಿರ ನಡೆಯಿತು. ಗುಡಿಯ ಮುಂದಿನಿಂದ ಓಣಿಯ ಕೊನೆಯವರೆಗೆ ಗಟಾರ ತೋಡುವುದೆಂದು ಗೊತ್ತಾಯಿತು. ಹುಡುಗರು ಗುದ್ದಲಿ ಸಲಿಕೆ ಹಿಡಿದು ಮೈಮುರಿದು ದುಡಿದರು. ಅಂಗೈಯಲ್ಲಿ ಬೊಕ್ಕೆಗಳೆದ್ದವು. ಮಧ್ಯಾಹ್ನ ಹುಡುಗಿಯರು ಮನೆಮನೆಗೆ ಹೋಗಿ ಮಂದಿಯೆಷ್ಟು, ದನವೆಷ್ಟು, ಹೊಲವೆಷ್ಟು, ನೀರು ಎಲ್ಲಿಂದ, ಯಾರು ಶಾಲೆ ಬಿಟ್ಟಿದ್ದಾರೆ ಎಂದು ಅಚ್ಚುಹಾಕಿಸಿದ ಹಾಳೆಗಳನ್ನು ತುಂಬಿಸಿ ತಂದರು. ಸಮಾರೋಪಕ್ಕೆ ಹಾರ, ಭಾಷಣ, ಫೋಟೋ ಎಲ್ಲ ಆಯಿತು. ಮರುವರ್ಷ ಅದೇ ಊರಿಗೆ ಹೋದೆವು. ಗಟಾರ ಹೂಳು ತುಂಬಿ ನೆಲಕ್ಕೆ ಸಮವಾಗಿತ್ತು. ನೀರು ಮುಂದಕ್ಕೆ ಹೋಗುವ ಬದಲು ಗುಡಿಯ ಕಡೆಗೇ ಮರಳಿ ನಿಂತಿತ್ತು. ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಒಬ್ಬ ತಾಯಿ ನಮ್ಮನ್ನು ಗುರುತು ಹಿಡಿದು ಕೇಳಿದಳು: “ಹ್ವಾದ ವರ್ಷ ಬಂದು ನಮ್ಮನಿ ಮಂದಿ, ದನಾ, ಕರಾ ಎಲ್ಲಾ ಬರಕೊಂಡ ಹ್ವಾದ್ರೆಲ್ಲ, ಅದೇನಾತ್ರೀ ಸರ?”

ಅದೇನಾಗಿತ್ತು? ಕಾಲೇಜಿನ ಒಂದು ಕಪಾಟಿನಲ್ಲಿ ಹುರಿಯಿಂದ ಕಟ್ಟಿಸಿಕೊಂಡು ಕೂತಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಇನ್ನೊಂದು ಸಂಗತಿ ಹೊಳೆದು ಮತ್ತಷ್ಟು ನಾಚಿಕೆಯಾಯಿತು. ಅದೇ ಕಟ್ಟಡದಲ್ಲಿ, ಆ ಕಪಾಟಿನಿಂದ ಹತ್ತು ಮಾರು ದೂರದಲ್ಲಿ, ಅರ್ಥಶಾಸ್ತ್ರದ ತರಗತಿಯವರು ಸರಾಸರಿ, ಮಧ್ಯಾಂಕ, ಮಾದರಿ ಸಮೀಕ್ಷೆ ಎಂದು ಯಾವುದೋ ದೂರದ ಊರಿನ ಅಂಕಿಗಳನ್ನಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ನಮ್ಮ ಹಾಳೆಗಳನ್ನು ಆ ತರಗತಿಯ ಮೇಜಿನ ಮೇಲಿಡುವುದು ಯಾರಿಗೂ ತೋಚಿರಲಿಲ್ಲ. ಗಟಾರದ ಕಥೆಯೂ ಅದೇ. ನೆಲದ ಇಳಿಜಾರು ಯಾವ ಕಡೆಗಿದೆ ಎಂದು ಯಾರೂ ಅಳೆದಿರಲಿಲ್ಲ. ಊರಿನ ಗೌಂಡಿಯ ಹತ್ತಿರ ಪಾರದರ್ಶಕ ಲೆವಲ್ ಪೈಪು ಇತ್ತು. ಅದರಲ್ಲಿ ನೀರು ತುಂಬಿ ಎರಡೂ ತುದಿ ಮೇಲೆತ್ತಿ ಹಿಡಿದರೆ, ಕೊಳವೆ ಎಷ್ಟೇ ಉದ್ದವಿರಲಿ, ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕಿರುವ ಅಂತರವನ್ನು ಎರಡೂ ಕಡೆ ಅಳೆದರೆ ಇಳಿಜಾರು ತಿಳಿಯುತ್ತದೆ. ಇದನ್ನು ನಮ್ಮ ಭೌತಶಾಸ್ತ್ರದ ಹುಡುಗರು ಪುಸ್ತಕದಲ್ಲಿ ಓದಿದ್ದರು, ಗೌಂಡಿ ಕೈಯಲ್ಲಿ ಮಾಡುತ್ತಿದ್ದ. ಇಬ್ಬರೂ ಒಂದೇ ಓಣಿಯಲ್ಲಿ ಏಳು ದಿನ ಇದ್ದರೂ ಅವರ ನಡುವೆ ಭೇಟಿಯಾಗಲಿಲ್ಲ.

ಸೇವೆ ಮಾಡಿದರೂ ಓದಲಿಲ್ಲ ಎಂದು ನಾನನ್ನುವುದು ಇದನ್ನೇ. ಹಾಗಾದರೆ ಕೂಡಿಸುವುದು ಹೇಗೆ? ನೀರಿನ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಅಡಿಗೆಮನೆಯವರಿಗೂ ಅದು ಬೇಕಾದುದು.

ರಸಾಯನಶಾಸ್ತ್ರ ತೆಗೆದುಕೊಂಡ ಪ್ರತಿಯೊಬ್ಬ ಬಿ.ಎಸ್ಸಿ. ವಿದ್ಯಾರ್ಥಿಯೂ ನೀರಿನ ಗಡಸುತನವನ್ನು ಅಳೆಯುವ ಪ್ರಯೋಗವನ್ನು ಮಾಡಿರುತ್ತಾನೆ. ಗಾಜಿನ ಪಾತ್ರೆಯಲ್ಲಿ ನೀರು ಹಾಕಿ, ಒಂದು ಸೂಚಕದ ಹನಿ ಬೆರೆಸಿದರೆ ಅದು ದ್ರಾಕ್ಷಿಯ ಕೆಂಪಿಗೆ ತಿರುಗುತ್ತದೆ. ಮೇಲಿನ ಬ್ಯೂರೆಟ್ಟಿನಿಂದ ಇ.ಡಿ.ಟಿ.ಎ. ಎಂಬ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ, ನೀರಿನಲ್ಲಿಯ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಅದು ಹಿಡಿದುಕೊಳ್ಳುತ್ತ ಬಂದು, ಒಂದು ಗಳಿಗೆಯಲ್ಲಿ ಕೆಂಪು ಹೋಗಿ ನೀಲಿಯಾಗುತ್ತದೆ. ಎಷ್ಟು ದ್ರಾವಣ ಬೇಕಾಯಿತೆಂಬುದರ ಮೇಲೆ ಗಡಸುತನದ ಲೆಕ್ಕ. ಮೂರು ಸಲ ಮಾಡಿ ಅಂಕಿಗಳು ಕೂಡಬೇಕು. ಕೂಡದಿದ್ದರೆ? ಪಕ್ಕದವನ ಅಂಕಿ ನೋಡಿ ತನ್ನದನ್ನು ಹೊಂದಿಸಿ ಬರೆಯುವ ಕಲೆ ವಿದ್ಯಾರ್ಥಿಕುಲಕ್ಕೆ ಯಾರೂ ಕಲಿಸದೆ ಬಂದದ್ದು. ಏಕೆಂದರೆ ಆ ನೀರು ಪ್ರಯೋಗಶಾಲೆಯ ನಳದ್ದು. ಉತ್ತರ ತಪ್ಪಾದರೆ ಯಾರ ಮನೆಯ ಬೇಳೆಯೂ ಬೇಯದೆ ಉಳಿಯುವುದಿಲ್ಲ.

ಈಗ ಅದೇ ಹುಡುಗನಿಗೆ ನವಲಗುಂದದ ಕಡೆಯ ಒಂದು ಹಳ್ಳಿಯ ಬೋರಿನ ನೀರನ್ನೂ, ಕೆರೆಯ ನೀರನ್ನೂ, ಪಂಚಾಯತಿಯ ನಳದ ನೀರನ್ನೂ ಬೇರೆಬೇರೆ ಸೀಸೆಗಳಲ್ಲಿ ತರಲು ಹೇಳಿರಿ. ಆ ಭಾಗದಲ್ಲಿ ನೆಲದೊಳಗಿನ ನೀರು ಬಹಳ ಕಡೆಗೆ ಸವಳು; ಹಿಂದಿನಿಂದಲೂ ಜನ ಕುಡಿಯಲು ಕೆರೆಯನ್ನೇ ನಂಬಿದವರು. ಸೀಸೆಯನ್ನು ತುಂಬಿಕೊಳ್ಳುವಾಗಲೇ ಪಾಠ ಶುರುವಾಗುತ್ತದೆ. ಕೊಡ ಹಿಡಿದು ಬಂದ ಹೆಣ್ಣುಮಗಳು, “ಈ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ, ಸಬಕಾರ ಬುರುಗು ಬರಂಗಿಲ್ಲ, ಬೋಗಾಣಿ ತಳಕ್ಕ ಬೆಳ್ಳಗ ಹಿಡೀತದ” ಎನ್ನುತ್ತಾಳೆ. ಗಡಸು ನೀರಿನ ಲಕ್ಷಣಗಳೆಂದು ಪುಸ್ತಕದಲ್ಲಿ ಒಂದು ಪುಟ ಇರುವುದನ್ನು ಆಕೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದಳು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಲ್ಲಿ ೬೦೦ರವರೆಗೆ ನಡೆದೀತು. ಹುಡುಗನ ಲೆಕ್ಕದಲ್ಲಿ ೫೮೦ ಬಂದರೆ ಒಂದು ಮಾತು, ೬೨೦ ಬಂದರೆ ಬೇರೆಯೇ ಮಾತು. ಈಗ ಪಕ್ಕದವನ ಅಂಕಿ ನೋಡಿ ಬರೆಯಲು ಬರುವುದಿಲ್ಲ. ಮೂರು ಸಲವಲ್ಲ, ಆರು ಸಲ ಮಾಡುತ್ತಾನೆ. ಬ್ಯೂರೆಟ್ಟಿನ ಗೆರೆಯನ್ನು ಕಣ್ಣಿನ ಸಮಕ್ಕೆ ತಂದು ಓದಬೇಕೆಂದು ನಾವು ಹತ್ತು ಸಲ ಹೇಳಿದರೂ ಬಾರದ ಅಭ್ಯಾಸ ಆಗ ತಾನಾಗಿ ಬರುತ್ತದೆ.

ಮಾತು ಅಲ್ಲಿಗೆ ಮುಗಿಯಲಿಲ್ಲ. ಕಾಯಿಸಿದರೆ ಗಡಸು ಹೋಗುತ್ತದೆಯೆ ಎಂದು ಆಕೆ ಕೇಳುತ್ತಾಳೆ. ತಾತ್ಕಾಲಿಕ ಗಡಸು ಹೋಗುತ್ತದೆ, ಶಾಶ್ವತ ಗಡಸು ಹೋಗುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದವನು, ಅದನ್ನು ಆಕೆಗೆ ತಿಳಿಯುವಂತೆ ಹೇಳಬೇಕು. ಹಾಗೆ ಹೇಳಲು ಹೋದಾಗಲೇ ತನಗೆಷ್ಟು ತಿಳಿದಿದೆ ಎಂಬುದು ಗೊತ್ತಾಗುವುದು. ಇನ್ನು ಕೆರೆಯ ನೀರು ಮೆತ್ತಗಿದೆ, ಬೇಳೆ ಬೇಯುತ್ತದೆ. ಹಾಗೆಂದು ಅದು ಒಳ್ಳೆಯದೆ? ಅದಕ್ಕೆ ರಸಾಯನಶಾಸ್ತ್ರ ಸಾಲದು. ಸೂಕ್ಷ್ಮಜೀವಶಾಸ್ತ್ರದ ಹುಡುಗಿ ಬರಬೇಕು. ಮಲದಿಂದ ಬರುವ ರೋಗಾಣು ನೂರು ಮಿಲಿಲೀಟರ ನೀರಿನಲ್ಲಿ ಒಂದೂ ಇರಕೂಡದೆಂಬ ನಿಯಮವಿದೆ. ಅದನ್ನು ಅವಳು ಪರೀಕ್ಷಿಸಬೇಕು. ಕೊನೆಗೆ ಈ ಅಂಕಿಗಳನ್ನೆಲ್ಲ ಯಾರಿಗೆ ಕೊಡುವುದು? ಗ್ರಾಮ ಪಂಚಾಯತಿಗೆ ಯಾವ ಅಧಿಕಾರವಿದೆ, ಗ್ರಾಮಸಭೆಯಲ್ಲಿ ಮಾತೆತ್ತುವುದು ಹೇಗೆ? ಇಲ್ಲಿ ರಾಜ್ಯಶಾಸ್ತ್ರದವನಿಗೆ ಕೆಲಸ ಬಂತು. ೨೦೧೯ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನಲ್ಲಿ ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ಸಣ್ಣ ಪೆಟ್ಟಿಗೆಯ ಸಾಧನದಿಂದ ನೀರು ಪರೀಕ್ಷಿಸಲು ಕಲಿಸುವ ಏರ್ಪಾಡು ಇದೆ. ನಮ್ಮ ವಿದ್ಯಾರ್ಥಿಗಳು ಆ ಐವರ ಜತೆಗೆ ಕೂತು, ಪೆಟ್ಟಿಗೆಯ ಉತ್ತರವನ್ನೂ ಬ್ಯೂರೆಟ್ಟಿನ ಉತ್ತರವನ್ನೂ ತಾಳೆ ನೋಡಿದರೆ, ಶಿಬಿರ ಎದ್ದುಹೋದ ಮೇಲೂ ಊರಿನಲ್ಲಿ ಕೆಲಸ ಉಳಿಯುತ್ತದೆ. ಗಟಾರ ತೋಡಿದ್ದಕ್ಕೂ ಇದಕ್ಕೂ ಇರುವ ಅಂತರ ನಿಮಗೆ ಕಂಡಿತಷ್ಟೆ?

ಇದು ನನ್ನ ಕನಸು ಎಂದು ತಿಳಿಯಬೇಡಿರಿ. ಓದನ್ನೂ ಊರನ್ನೂ ಒಂದೇ ಪಠ್ಯಕ್ರಮದಲ್ಲಿ ಕೂಡಿಸಿದ ಉದಾಹರಣೆ ಧಾರವಾಡದಲ್ಲಿಯೇ ಇದೆ. ೧೯೪೭ರಲ್ಲಿ ಆರಂಭವಾದ ಕೃಷಿ ಕಾಲೇಜನ್ನು ಒಳಗೊಂಡು ೧೯೮೬ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತಲ್ಲವೆ? ಅಲ್ಲಿ ಬಿ.ಎಸ್ಸಿ. ಕೃಷಿ ಓದುವವರು ಅಂತಿಮ ವರ್ಷದಲ್ಲಿ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಎಂಬ ಕಾರ್ಯಕ್ರಮದಲ್ಲಿ ಹಳ್ಳಿಗೆ ಹೋಗಿ ನಿಲ್ಲುತ್ತಾರೆ. ಇದು ದೇಶದ ಕೃಷಿ ಕಾಲೇಜುಗಳಲ್ಲೆಲ್ಲ ಇರುವಂಥದು. ಐದನೆಯ ಡೀನರ ಸಮಿತಿ ಹಾಕಿಕೊಟ್ಟ ಪಠ್ಯಕ್ರಮದಲ್ಲಿ ಇದಕ್ಕೆ ಮತ್ತು ಇದರ ಜತೆಗಿನ ಉದ್ಯಮಾನುಭವಕ್ಕೆ ಒಟ್ಟು ಇಪ್ಪತ್ತು ವಾರಗಳನ್ನು ಮೀಸಲಿಟ್ಟಿದ್ದರು. ಅದರಲ್ಲಿ ಎಂಟು ವಾರ ಹಳ್ಳಿಯಲ್ಲಿಯೇ. ಇದು ರವಿವಾರದ ಸೇವೆಯಲ್ಲ. ಪದವಿಯ ಒಂದು ಭಾಗ. ಅಂಕವೂ ಉಂಟು.

ಹುಡುಗರು ಹಳ್ಳಿಗೆ ಹೋದ ಮೊದಲ ದಿನಗಳಲ್ಲಿ ಗುಡಿಯ ಅಂಗಳದಲ್ಲಿ ಊರಿನ ನಕ್ಷೆ ಬರೆಸುತ್ತಾರೆ. ಕಾಗದದ ಮೇಲಲ್ಲ, ನೆಲದ ಮೇಲೆ, ಬಣ್ಣಬಣ್ಣದ ರಂಗೋಲಿಪುಡಿಯಿಂದ. ಬರೆಯುವವರು ಊರವರು, ಹುಡುಗರು ಕೇಳುವವರು ಮಾತ್ರ. ಕೆರೆಗೆ ನೀಲಿ, ಹೊಲಕ್ಕೆ ಹಸಿರು, ದಾರಿಗೆ ಬಿಳಿ. ಒಬ್ಬ ಹಿರಿಯ ಬಂದು, “ಹಳ್ಳ ಅಲ್ಲಲ್ಲೊ ತಮ್ಮಾ, ಹಿಂಗ ಹೊಳ್ಳತದ” ಎಂದು ಗೆರೆ ಅಳಿಸಿ ಬೇರೆ ಎಳೆಯುತ್ತಾನೆ. ಮನೆಯಿಂದ ಹೊರಗೆ ಬಾರದ ಹೆಣ್ಣುಮಕ್ಕಳು ರಂಗೋಲಿ ಎಂದ ಕೂಡಲೇ ಕೈ ಹಚ್ಚುತ್ತಾರೆ. ಅವರು ಹಾಕಿದ ಮೇಲೆಯೇ ನಕ್ಷೆಯಲ್ಲಿ ನೀರು ತರುವ ದಾರಿ, ಕಟ್ಟಿಗೆ ಆರಿಸುವ ಜಾಗ, ಕೂಸಿನ ತೂಕ ನೋಡುವ ಅಂಗನವಾಡಿ ಕಾಣಿಸಿಕೊಳ್ಳುವುದು. ಗಂಡಸರೇ ಬರೆದ ನಕ್ಷೆಯಲ್ಲಿ ಇವು ಬಹಳ ಸಲ ಇರುವುದಿಲ್ಲ. ಒಂದು ಮುಂಜಾನೆಯಲ್ಲಿ ಇಷ್ಟು ಸಮಾಜಶಾಸ್ತ್ರವನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿಕೊಟ್ಟದ್ದಿಲ್ಲ.

ಬಳಿಕ ಒಬ್ಬೊಬ್ಬ ವಿದ್ಯಾರ್ಥಿಯೂ ಒಬ್ಬ ರೈತನ ಬೆನ್ನು ಹತ್ತುತ್ತಾನೆ. ಮಣ್ಣಿನ ಮಾದರಿ ತೆಗೆಯುವುದೆಂದರೆ ಸುಲಭ ಅನಿಸುತ್ತದೆ. ಬದುವಿನ ಮಗ್ಗುಲು, ಗಿಡದ ನೆರಳು, ತಿಪ್ಪೆಯಿದ್ದ ಜಾಗ ಬಿಟ್ಟು, ಹೊಲದ ಹಲವು ಕಡೆ ಆರು ಇಂಚು ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದಂತೆ ತಗ್ಗು ತೆಗೆದು, ಅದರ ಮಗ್ಗುಲಿನಿಂದ ಮಣ್ಣಿನ ತೆಳುವಾದ ಹೋಳು ತೆಗೆಯಬೇಕು. ಎಲ್ಲವನ್ನೂ ಕೂಡಿಸಿ ಹರವಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುತ್ತ ಅರ್ಧ ಕಿಲೋಕ್ಕೆ ತರಬೇಕು. ಆ ಅರ್ಧ ಕಿಲೋ ಇಡೀ ಹೊಲದ ಪರವಾಗಿ ಮಾತಾಡಬೇಕು. ಹಿಂಗಾರಿಯಲ್ಲಿ ಕಡಲೆ ಬಿತ್ತುವ ಮುಂದೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಕಿಲೋ ಬೀಜಕ್ಕೆ ನಾಲ್ಕು ಗ್ರಾಂನಂತೆ ಸವರಿ ನೆಟೆರೋಗವನ್ನು ತಡೆಯುವುದನ್ನು ಹುಡುಗ ಮಾಡಿ ತೋರಿಸುತ್ತಾನೆ. ರೈತ ಅದನ್ನು ನೋಡಿ, “ನಿಮ್ಮ ಪುಸ್ತಕದಾಗ ಎಲ್ಲಾ ಹೊಲಾನೂ ಒಂದ ಏನ್ರೀ?” ಎಂದು ಒಂದು ಪ್ರಶ್ನೆ ಎಸೆದರೆ, ಎಂಟು ವಾರ ಆ ಪ್ರಶ್ನೆಗೇ ಸಾಲುತ್ತದೆ. ಈ ಹುಡುಗನಿಗೆ ಪರೀಕ್ಷೆ ಮತ್ತು ಹೊಲ ಎರಡು ಬೇರೆ ಅಲ್ಲ.

ವೈದ್ಯಕೀಯದಲ್ಲಿಯೂ ಈಚೆಗೆ ಇಂಥ ಹೆಜ್ಜೆ ಬಿದ್ದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಮೊದಲ ವರ್ಷದಿಂದಲೇ ಕುಟುಂಬ ದತ್ತು ಕಾರ್ಯಕ್ರಮವನ್ನು ಗೊತ್ತುಮಾಡಿತು. ಹಳ್ಳಿಯ ಕೆಲವು ಮನೆಗಳನ್ನು ಹಿಡಿದು, ಅದೇ ಮನೆಗಳ ಆರೋಗ್ಯವನ್ನು ಓದಿನುದ್ದಕ್ಕೂ ಗಮನಿಸುತ್ತ ಬರಬೇಕು. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ೧೯೫೭ರಷ್ಟು ಹಳೆಯದು. ಅಲ್ಲಿಗೆ ಸುತ್ತಲ ಜಿಲ್ಲೆಗಳಿಂದ ರೋಗಿಗಳು ಬಂದು ತುಂಬುತ್ತಾರೆ. ರೋಗಿ ಬರುವ ಮೊದಲು ಅವನ ಮನೆ ಹೇಗಿತ್ತೆಂದು ನೋಡುವುದು ಬೇರೆ ಬಗೆಯ ಪಾಠ. ಇಂಜಿನಿಯರಿಂಗಿನ ಮಾತೂ ಇದೆ. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜಾಗಿ ಆರಂಭವಾಗಿ ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಸಂಸ್ಥೆಯವರು ಸಮಾಜದ ಒಂದು ತೊಂದರೆಯನ್ನು ಹಿಡಿದು ಅದಕ್ಕೆ ಪರಿಹಾರ ಹುಡುಕುವುದನ್ನು ಪಠ್ಯವಿಷಯವಾಗಿಯೇ ಇಟ್ಟು ನೋಡಿದ್ದಾರೆ. ಇದರ ಒಳಹೊರಗನ್ನು ಆ ಶಾಸ್ತ್ರದವರೇ ಹೇಳಬೇಕು.

‘ದತ್ತು’ ಎಂಬ ಮಾತಿನ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಸೇವಾ ಯೋಜನೆಯಲ್ಲಿಯೂ ದತ್ತು ಗ್ರಾಮ ಎನ್ನುತ್ತಾರೆ. ಇಪ್ಪತ್ತು ವರ್ಷದ ಹುಡುಗರು ನೂರಾರು ವರ್ಷದ ಊರನ್ನು ದತ್ತು ತೆಗೆದುಕೊಳ್ಳುವುದುಂಟೆ? ನಡೆಯುವುದು ತಿರುಗಮುರುಗ. ರೊಟ್ಟಿ, ಝುಣಕ ನೀಡಿ, ಮಲಗಲು ಶಾಲೆಯ ಕೋಣೆ ಬಿಟ್ಟುಕೊಟ್ಟು, ತಮ್ಮ ಮನೆಯ ವಿಷಯಗಳನ್ನೆಲ್ಲ ಹೇಳಿ, ಊರೇ ಹುಡುಗರನ್ನು ದತ್ತು ತೆಗೆದುಕೊಳ್ಳುತ್ತದೆ.

ಬೇರೆ ದೇಶದವರು ಏನು ಮಾಡಿದರು? ಮೆಕ್ಸಿಕೋದಲ್ಲಿ ೧೯೩೬ರಿಂದ ವೈದ್ಯಕೀಯ ವಿದ್ಯಾರ್ಥಿಗಳನ್ನು ವೈದ್ಯರಿಲ್ಲದ ಊರುಗಳಿಗೆ ಕಳಿಸತೊಡಗಿದರು. ೧೯೪೫ರಲ್ಲಿ ಕಾಯಿದೆಯನ್ನೇ ಮಾಡಿ, ಆರು ತಿಂಗಳಿಗೆ ಕಡಿಮೆಯಿಲ್ಲದ ಸಮಾಜಸೇವೆಯನ್ನು ವೃತ್ತಿಪದವಿಗಳಿಗೆ ಗಂಟುಹಾಕಿದರು. ಅಮೇರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ೧೯೬೭ರ ಸುಮಾರಿಗೆ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಎಂಬಿಬ್ಬರು ‘ಸೇವೆ’ ‘ಕಲಿಕೆ’ ಎರಡನ್ನೂ ಸೇರಿಸಿ ಒಂದೇ ಹೆಸರು ಕೊಟ್ಟರು. ೧೯೭೯ರಲ್ಲಿ ಸಿಗ್ಮನ್ನರು ಹೇಳಿದ ಒಂದು ಕಟ್ಟಳೆ ನನಗೆ ಬಹಳ ಮೆಚ್ಚಿಗೆಯಾದುದು: ಯಾವ ಸೇವೆ ಬೇಕು ಎಂಬುದನ್ನು ಸೇವೆ ಪಡೆಯುವವರೇ ಗೊತ್ತುಮಾಡಬೇಕು. ನಾವು ಆ ಹಳ್ಳಿಗೆ ಹೋದಾಗ, ಗಟಾರ ಬೇಕೆ ಎಂದು ಯಾರನ್ನೂ ಕೇಳಿರಲಿಲ್ಲ.

ಸೇವೆಗೆ ಅಂಕ ಕೊಡಬೇಕೆ ಬೇಡವೆ ಎಂಬ ವಾದ ಅಧ್ಯಾಪಕರ ಕೋಣೆಯಲ್ಲಿ ಚಹಾ ಆರುವವರೆಗೆ ನಡೆಯುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರಲ್ಲಿ ಹೊರಡಿಸಿದ ಪಠ್ಯಕ್ರಮ ಚೌಕಟ್ಟಿನಲ್ಲಿ ಸಮುದಾಯದ ನಡುವಿನ ಮೂವತ್ತು ತಾಸಿನ ಕೆಲಸಕ್ಕೆ ಒಂದು ಕ್ರೆಡಿಟ್ಟು ಎಂದು ಲೆಕ್ಕ ಹಾಕಿದೆ. ಅಂಕವಿಲ್ಲದಿದ್ದರೆ ಹುಡುಗರು ಬರುವುದಿಲ್ಲ ಎಂದು ಕೆಲವರು. ಅಂಕವ ಕೊಟ್ಟರೆ ಸೇವೆ ಸೇವೆಯಾಗಿ ಉಳಿಯುವುದಿಲ್ಲ ಎಂದು ಕೆಲವರು. ನನ್ನ ಅಭಿಪ್ರಾಯ ಎರಡಕ್ಕೂ ನಡುವಿನದು. ಸಲಿಕೆ ಹಿಡಿದದ್ದಕ್ಕೆ ಅಂಕ ಕೊಡಬಾರದು. ಕೊಟ್ಟರೆ ಹಾಜರಿಪಟ್ಟಿಯಲ್ಲಿ ಸುಳ್ಳು ಸಹಿಗಳು ಬೆಳೆಯುತ್ತವೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಳ್ಳಿಯಲ್ಲಿ ಕಂಡದ್ದನ್ನು ತನ್ನ ವಿಷಯದ ಮಾತಿನಲ್ಲಿ ಬರೆದು, ಲೆಕ್ಕ ತೋರಿಸಿ, ಊರವರ ಮುಂದೆ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿಕೊಂಡು ತಂದರೆ, ಅದಕ್ಕೆ ಪರೀಕ್ಷೆಯ ಅಂಕ ಕೊಡಲು ಅಡ್ಡಿಯೇನು? ಇದಕ್ಕೆ ಅಧ್ಯಾಪಕರಿಗೆ ಹೆಚ್ಚಿನ ದುಡಿಮೆ ಬೀಳುತ್ತದೆ ನಿಜ. ನೂರು ಹುಡುಗರ ಘಟಕವನ್ನು ಪಾಠದ ಜತೆಗೆ ಒಬ್ಬರೇ ನೋಡಿಕೊಳ್ಳುವಲ್ಲಿ ಇದು ಆಗಲಾರದು. ಅವರವರ ವಿಷಯದ ಅಧ್ಯಾಪಕರು ವರ್ಷಕ್ಕೆ ಎರಡು ದಿನವಾದರೂ ಹಳ್ಳಿಗೆ ಬರಬೇಕು. ಬರುವರೆ? ಕೆಲವರು ಬರುತ್ತಾರೆ.

ಇನ್ನು ನಿಮ್ಮ ಸಹಿಯ ಮಾತು. ತಾಯಂದಿರ ಪ್ರಶ್ನೆಗೆ ಉತ್ತರ ಸುಲಭವೆಂದೆನಷ್ಟೆ. ಹುಡುಗಿಯರು ಮಲಗುವುದು ಎಲ್ಲಿ, ಅವರ ಜತೆಗೆ ರಾತ್ರಿ ಇರುವ ಅಧ್ಯಾಪಕಿ ಯಾರು, ಶೌಚಾಲಯವಿದೆಯೆ, ಹತ್ತಿರದ ದವಾಖಾನೆ ಎಷ್ಟು ದೂರ ಎಂದು ಕಾಲೇಜಿಗೆ ನೇರವಾಗಿ ಕೇಳಿರಿ. ಕೇಳಿದರೆ ತಪ್ಪು ತಿಳಿಯುವ ಕಾರ್ಯಕ್ರಮಾಧಿಕಾರಿ ಆ ಕೆಲಸಕ್ಕೆ ತಕ್ಕವರಲ್ಲ. ಉತ್ತರ ನೆಟ್ಟಗಿದ್ದರೆ ಮಗಳನ್ನು ಕಳಿಸಿಕೊಡಿರಿ. ಮಗನನ್ನು ಕಳಿಸಿ ಮಗಳನ್ನು ತಡೆಯುವುದು ಬೇಡ. ರಂಗೋಲಿಯ ನಕ್ಷೆಯ ಮಾತು ಹೇಳಿದೆನಲ್ಲ. ಹುಡುಗಿಯರಿಲ್ಲದ ಶಿಬಿರಕ್ಕೆ ಅರ್ಧ ಊರು ಬಾಗಿಲು ತೆಗೆಯುವುದಿಲ್ಲ.

ತಂದೆಯವರು ಇನ್ನೊಂದು ಪ್ರಶ್ನೆ ಕೇಳಲಿ. ಈ ಏಳು ದಿನದಲ್ಲಿ ಇವನ ಪಾಠಕ್ಕೆ ಸಂಬಂಧಪಟ್ಟದ್ದು ಏನಾದರೂ ಇದೆಯೆ? ಪಾಲಕರಲ್ಲಿ ಹತ್ತು ಮಂದಿ ಹೀಗೆ ಕೇಳಿದರೆ ಮರುವರ್ಷದ ಶಿಬಿರದ ಪಟ್ಟಿಯಲ್ಲಿ ಒಂದೆರಡು ಭಾಷಣ ಕಡಿಮೆಯಾಗಿ ಒಂದು ಬ್ಯೂರೆಟ್ಟು ಸೇರೀತು.

ಚೀಲದಲ್ಲಿ ತಾಟು, ಲೋಟ, ಹೊದಿಕೆ, ಟಾರ್ಚಿನ ಜತೆಗೆ ದಪ್ಪರಟ್ಟಿನ ಒಂದು ನೋಟುಬುಕ್ಕನ್ನೂ ಹಾಕಿ ಕಳಿಸಿರಿ. ಮರಳಿ ಬಂದಾಗ ಬಟ್ಟೆಗೆ ಹತ್ತಿದ ಎರಿಮಣ್ಣು ಬೇಗನೆ ಬಿಡುವುದಿಲ್ಲ, ಅದನ್ನು ನೆನೆಹಾಕಿರಿ. ಆಮೇಲೆ ನೋಟುಬುಕ್ಕನ್ನು ಕೇಳಿ ನೋಡಿರಿ. ಅದರಲ್ಲಿ ಊರವರು ಹೇಳಿದ ಮಾತುಗಳೂ ಅಳೆದ ಅಂಕಿಗಳೂ ಇದ್ದರೆ, ಇದರದೊಂದು ಪ್ರತಿಯನ್ನು ಆ ಊರಿನ ಪಂಚಾಯತಿಗೆ ಯಾವಾಗ ಕೊಟ್ಟುಬರುತ್ತೀರಿ ಎಂದು ವಿಚಾರಿಸಿರಿ.